ಗೇಮ್‌ಬಾಯ್ ಕಲರ್‌ಗೆ ಹೊಸ ಪ್ಲಾಟ್‌ಫಾರ್ಮರ್ ಬರ್ತಿದೆ: ಕಾರ್ಟ್ರಿಜ್ ಬುಕ್ ಮಾಡಲೇ, ರಾಮ್ ಫೈಲ್ ಸಾಕೇ?

ಡೊಂಬಿವಲಿ_ಸ್ಲೋ

ಜನರಿಂದ ಮುಂಗಡ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಈಗ ನಡೀತಿರುವ ಒಂದು ಗೇಮ್ ಬಗ್ಗೆ ಕೇಳಬೇಕಿತ್ತು. ಹೆಸರು ಹಾಕಿದರೆ ಪ್ರಚಾರ ಅಂತ ಪೋಸ್ಟ್ ತೆಗೆದುಬಿಡ್ತಾರೆ, ಅದಕ್ಕೆ ವಿವರ ಮಾತ್ರ ಹೇಳ್ತೇನೆ. ಪಕ್ಕದಿಂದ ನೋಡುವ ಪ್ಲಾಟ್‌ಫಾರ್ಮರ್, ನಿಜವಾಗಿಯೂ ಗೇಮ್‌ಬಾಯ್ ಕಲರ್‌ನಲ್ಲಿ ಓಡುತ್ತದೆ ಅಂತ ಹೇಳಿದ್ದಾರೆ. ನಾಯಕಿಗೆ ನಡಿಗೆ, ಓಟ, ಜಿಗಿತ, ಗೋಡೆಗೆ ಒದ್ದು ಮೇಲೇರುವುದು ಇದೆ. ಎರಡು ಲೆವೆಲ್‌ನ ಡೆಮೊ ರಾಮ್ (ROM, ಅಂದರೆ ಕಾರ್ಟ್ರಿಜ್ ಒಳಗಿನ ಗೇಮ್ ಒಂದು ಫೈಲ್ ರೂಪದಲ್ಲಿ) ಇಚ್ ಡಾಟ್ ಐಒ ತಾಣದಲ್ಲಿ ಉಚಿತ. ಪೂರ್ತಿ ಗೇಮ್ ಎರಡು ಥರ ಸಿಗುತ್ತದೆ, ಬರೀ ರಾಮ್ ಫೈಲ್ ಅಥವಾ ಡಬ್ಬಿ ಸಮೇತ ಕಾರ್ಟ್ರಿಜ್. ಅಭಿಯಾನ ಮುಗಿಯಲು ಇನ್ನು ಒಂಬತ್ತು ದಿನ.

ನನ್ನ ಹತ್ತಿರ ಮಿಯೂ ಮಿನಿ ಪ್ಲಸ್ ಇದೆ, ಹಳೇ ಗೇಮ್‌ಗಳ ಫೈಲ್ ಹಾಕಿ ಆಡುವ ಕೈಯಂತ್ರ. ಮೊದಲ ಮಾದರಿಯ ಗೇಮ್‌ಬಾಯ್ ಅಡ್ವಾನ್ಸ್ ಒಂದೂ ಇದೆ, ಒಳಗೆ ದೀಪ ಇಲ್ಲದ್ದು, ಪರದೆ ಬದಲಿಸಿಲ್ಲ. ಆಡುವುದು ಬಹುಪಾಲು ಡೊಂಬಿವಲಿ–ದಾದರ್ ಲೋಕಲ್‌ನಲ್ಲಿ. ಟ್ರೇಲರ್ ನೋಡಿದರೆ ಭಾರೀ ಚೆಂದ. ಆದರೆ ಚಿಕ್ಕ ಪರದೆಯಲ್ಲಿ ಆಡುವಾಗ ಅದು ಹೇಗಿರುತ್ತದೆ ಅನ್ನುವುದನ್ನು ಬುಕ್ ಮಾಡುವ ಮೊದಲೇ ಪತ್ತೆ ಮಾಡುವುದು ಹೇಗೆ? ಮಿಯೂನಲ್ಲಿ ಯಾವ ಸೆಟ್ಟಿಂಗ್ ಇಡಬೇಕು? ಕಾರ್ಟ್ರಿಜ್‌ಗೆ ಅಷ್ಟು ದುಡ್ಡು ಹಾಕುವುದರಲ್ಲಿ ಅರ್ಥ ಇದೆಯೇ?

ಎಂಟು_ಬಿಟ್ (ಪುಣೆ)

ಮೊದಲು ಟ್ರೇಲರ್ ಪಕ್ಕಕ್ಕಿಡಿ. ಅದನ್ನು ನಂಬಬೇಡಿ ಅನ್ನುವುದಕ್ಕೆ ಕಾರಣ ಇದೆ. ಗೇಮ್‌ಬಾಯ್ ಸೆಕೆಂಡಿಗೆ ಸುಮಾರು 59.7 ಫ್ರೇಮ್ ತೋರಿಸುತ್ತದೆ. ಟ್ರೇಲರ್‌ಗಳು ಎಷ್ಟೋ ಸಲ 30 ಫ್ರೇಮ್‌ನ ವಿಡಿಯೊ. ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್‌ನಲ್ಲಿ ಮಿನುಗುವ ವಸ್ತು ಅಂಥ ವಿಡಿಯೊದಲ್ಲಿ ಒಂದೋ ಪೂರ್ತಿ ಮಾಯ, ಇಲ್ಲವೇ ಮಿನುಗದೇ ಗಟ್ಟಿಯಾಗಿ ನಿಂತಂತೆ ಕಾಣುತ್ತದೆ. ಈ ಯಂತ್ರದಲ್ಲಿ ಒಟ್ಟು 40 ಸ್ಪ್ರೈಟ್ (ಪರದೆ ಮೇಲೆ ಓಡಾಡುವ ಚಿತ್ರದ ತುಣುಕು), ಒಂದು ಅಡ್ಡಗೆರೆಯಲ್ಲಿ ಹೆಚ್ಚೆಂದರೆ 10. ಒಂದೊಂದು ಸ್ಪ್ರೈಟ್‌ನ ಅಗಲ 8 ಪಿಕ್ಸೆಲ್. 16 ಪಿಕ್ಸೆಲ್ ಅಗಲದ ನಾಯಕಿಗೇ ಎರಡು ಹೋಯಿತು, ಅಷ್ಟೇ ಅಗಲದ ನಾಲ್ಕು ಶತ್ರು ಒಂದೇ ನೆಲದ ಮೇಲೆ ಬಂದರೆ ಹತ್ತೂ ಮುಗಿಯಿತು. ಅದರ ಮೇಲೆ ಒಂದು ಗುಂಡು ಹಾರಿದರೆ ಏನೋ ಒಂದು ಮಿನುಗಲೇಬೇಕು, ಇಲ್ಲವೇ ಮಾಯವಾಗಬೇಕು. ಹಾಗೆ ಆಗದೇ ಇದ್ದರೆ ಅದು ಗೇಮ್‌ಬಾಯ್ ವೇಷ ಹಾಕಿದ ಪಿಸಿ ಗೇಮ್ ಇದ್ದೀತು. ಅದೇನೂ ತಪ್ಪಲ್ಲ, ಆದರೆ ಕಾರ್ಟ್ರಿಜ್ ಮಾರುವವರು ಹಾಗಿರಬಾರದು.

ನಿಜವಾದ ತೊಂದರೆ ಇರುವುದು ಜಾಗದ್ದು. ಪರದೆ 160×144, ಅಂದರೆ 8 ಪಿಕ್ಸೆಲ್‌ನ ಚೌಕಗಳಲ್ಲಿ 20 ಅಡ್ಡ, 18 ಉದ್ದ. ಓಟದ ವೇಗ ಫ್ರೇಮಿಗೆ 2 ಪಿಕ್ಸೆಲ್ ಇದ್ದರೆ 80 ಫ್ರೇಮ್‌ನಲ್ಲಿ ಇಡೀ ಪರದೆ ದಾಟಿ ಹೋಗುತ್ತದೆ. ನಾಯಕಿಯನ್ನು ನಟ್ಟನಡುವೆ ಇಟ್ಟರೆ ಮುಂದೆ ಕಾಣುವುದು (80ರಲ್ಲಿ ಅವಳ ಅರ್ಧ ಮೈಯ 8 ಕಳೆದು) 72 ಪಿಕ್ಸೆಲ್, 36 ಫ್ರೇಮ್, 0.6 ಸೆಕೆಂಡ್. ಎದುರಿನಿಂದ ಶತ್ರು ಫ್ರೇಮಿಗೆ 1 ಪಿಕ್ಸೆಲ್‌ನಂತೆ ಬಂದರೆ 24 ಫ್ರೇಮ್, 0.4 ಸೆಕೆಂಡ್. ಕಣ್ಣು ನೋಡಿ ಬೆರಳು ಒತ್ತಲು ಕಾಲು ಸೆಕೆಂಡ್ ಹೋಗುತ್ತದೆ. ಉಳಿಯಿತು ಎಷ್ಟು? ಲೆವೆಲ್ ಬಾಯಿಪಾಠ ಮಾಡಿ ಆಡುವ ಗತಿ ಬರುವುದು ಇಲ್ಲಿಂದಲೇ. 1992ರ ಸಾನಿಕ್ 2 ನೋಡಿ. ಟಿವಿಗೆ ಜೋಡಿಸುವ ಮಾಸ್ಟರ್ ಸಿಸ್ಟಮ್‌ನಲ್ಲಿ 256×192 ಪರದೆಗೆ ಮಾಡಿದ್ದನ್ನು ಕೈಯಲ್ಲಿ ಹಿಡಿಯುವ ಗೇಮ್ ಗಿಯರ್‌ನ 160×144ಕ್ಕೆ ಕತ್ತರಿಸಿ ಕೂರಿಸಿದರು. ಮೊದಲನೇ ಬಾಸ್ ಹತ್ತಿರ ಪುಟಿದು ಬರುವ ಗುಂಡು ಕಣ್ಣಿಗೆ ಬೀಳುವಷ್ಟರಲ್ಲಿ ಮೈಮೇಲೆ ಇರುತ್ತದೆ. ಆ ಬಾಸ್‌ನ ಕುಖ್ಯಾತಿ ಇವತ್ತಿಗೂ ಇದೆ.

ಇದಕ್ಕೆ ನಿಂಟೆಂಡೊದವರೇ ಎರಡು ದಾರಿ ತೋರಿಸಿದ್ದಾರೆ. 1989ರ ಸೂಪರ್ ಮಾರಿಯೊ ಲ್ಯಾಂಡ್‌ನಲ್ಲಿ ಗೊಂಬೆಗಳನ್ನೇ ಕಡ್ಡಿಯಷ್ಟು ಚಿಕ್ಕದು ಮಾಡಿ ಜಾಗ ಉಳಿಸಿದರು. ಮೂರು ವರ್ಷ ಬಿಟ್ಟು ಬಂದ ಎರಡನೇ ಭಾಗದಲ್ಲಿ ಗೊಂಬೆ ದೊಡ್ಡದಾಯಿತು, ಆಟದ ಗತಿ ನಿಧಾನವಾಯಿತು. ದೊಡ್ಡ ಗೊಂಬೆ, ಜೋರು ಓಟ, ಇವೆರಡನ್ನೂ ಒಟ್ಟಿಗೆ ಕೊಡ್ತೇವೆ ಅನ್ನುವವರ ಮೇಲೆ ನನಗೆ ಅನುಮಾನ.

ಈಗ ಡೆಮೊ ಅಳೆಯುವುದು. ಇದನ್ನು ಮಿಯೂನಲ್ಲಿ ಬೇಡ, ಕಂಪ್ಯೂಟರ್‌ನಲ್ಲಿ ಹಳೇ ಯಂತ್ರಗಳನ್ನು ಅನುಕರಿಸುವ ರೆಟ್ರೋಆರ್ಚ್ ತಂತ್ರಾಂಶ ಹಾಕಿ, ಅದರೊಳಗೆ ಗೇಮ್‌ಬಾಯ್‌ಗೆ ಇರುವ ಗಂಬಾಟೆ ಕೋರ್‌ನಲ್ಲಿ ಮಾಡಿ. ಕೀಬೋರ್ಡ್‌ನ ಮೂಲ ಸೆಟ್ಟಿಂಗ್‌ನಲ್ಲಿ ‘ಪಿ’ ಒತ್ತಿದರೆ ಆಟ ನಿಲ್ಲುತ್ತದೆ, ‘ಕೆ’ ಒತ್ತಿದಾಗಲೆಲ್ಲ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಎಫ್2 ಸ್ಟೇಟ್ (ಆಟದ ಆ ಕ್ಷಣದ ಸ್ಥಿತಿ) ಉಳಿಸುವುದು, ಎಫ್4 ವಾಪಸ್ ತರುವುದು. ನಾಯಕಿಯನ್ನು ಒಂದು ಹಲಗೆಯ ಅಂಚಿನಲ್ಲಿ ನಿಲ್ಲಿಸಿ, ಎಫ್2 ಒತ್ತಿ. ಬಲಬಾಣ ಹಿಡಿದುಕೊಂಡು ‘ಕೆ’ ಒತ್ತುತ್ತಾ ಹೋಗಿ, ಕಾಲು ನೆಲ ಬಿಟ್ಟ ಫ್ರೇಮ್ ಗುರುತಿಸಿ. ಅದರ ಮುಂದಿನ ಫ್ರೇಮ್‌ನಲ್ಲಿ ಜಿಗಿತದ ಬಟನ್ ಒತ್ತಿ ನೋಡಿ. ಜಿಗಿದಳೇ? ಎಫ್4 ಒತ್ತಿ ವಾಪಸ್ ಬಂದು ಎರಡು ಫ್ರೇಮ್ ತಡ ಮಾಡಿ ನೋಡಿ, ಆಮೇಲೆ ಮೂರು. ಎಲ್ಲಿಯವರೆಗೆ ಜಿಗಿತ ಸಿಗುತ್ತದೋ ಅಷ್ಟು ಫ್ರೇಮ್ ರಿಯಾಯಿತಿ ಕೊಟ್ಟಿದ್ದಾರೆ ಅಂತ ಅರ್ಥ, ಇದನ್ನೇ ಕೊಯೊಟಿ ಟೈಮ್ ಅನ್ನುವುದು. ಸೊನ್ನೆ ಇದ್ದರೆ ಕುಲುಕುವ ರೈಲಿನಲ್ಲಿ ಆಡುವವರಿಗೆ ಶಿಕ್ಷೆ. ನಾಲ್ಕರಿಂದ ಆರು ಇದ್ದರೆ ಆರಾಮ.

ಇದೇ ರೀತಿ ಕೆಳಗೆ ಬೀಳುವಾಗ ನೆಲ ಮುಟ್ಟುವ ಎರಡು ಮೂರು ಫ್ರೇಮ್ ಮೊದಲೇ ಬಟನ್ ಒತ್ತಿ ನೋಡಿ. ಆ ಒತ್ತನ್ನು ನೆನಪಿಟ್ಟುಕೊಂಡು ನೆಲ ಮುಟ್ಟಿದ ಕೂಡಲೇ ಜಿಗಿಯಬೇಕು. ನೆನಪಿಡದಿದ್ದರೆ ‘ಬಟನ್ ಹಿಡೀಲಿಲ್ಲ’ ಅನ್ನುವ ಸಿಟ್ಟು ಬರುತ್ತದೆ, ನೀವು ಪಾಪ ಬಟನ್ ಕೆಳಗಿನ ರಬ್ಬರ್ ಕೆಟ್ಟಿದೆ ಅಂದುಕೊಳ್ತೀರಿ. ಮೂರನೆಯದು ಕ್ಯಾಮೆರಾ. ಬಲಕ್ಕೆ ಓಡುವಾಗ ನಾಯಕಿ ಪರದೆಯ ಎಡಕ್ಕೆ ಸರಿಯಬೇಕು, ಅಂದರೆ ಮುಂದಿನ ಜಾಗ ಜಾಸ್ತಿ ಕಾಣಬೇಕು. ಆದರೆ ತಿರುಗಿದ ಕೂಡಲೇ ದಡಕ್ಕನೆ ಸರಿದರೆ ತಲೆ ಸುತ್ತುತ್ತದೆ, ಮೆಲ್ಲಗೆ ಸರಿಯಬೇಕು. ಇನ್ನು, ಕೆಳಗೇನಿದೆ ಅಂತ ಕಾಣದೇ ಹಾರಬೇಕಾದ ಜಾಗ ಎರಡು ಲೆವೆಲ್‌ನಲ್ಲಿ ಎಷ್ಟಿವೆ ಎಣಿಸಿ. 144 ಪಿಕ್ಸೆಲ್ ಎತ್ತರದಲ್ಲಿ ಇದು ಬಲು ಬೇಗ ಆಗುವ ತಪ್ಪು. ಕೆಳಬಾಣ ಒತ್ತಿ ಹಿಡಿದರೆ ಕ್ಯಾಮೆರಾ ಕೆಳಗೆ ಇಣುಕುವ ಸೌಲಭ್ಯ ಇಟ್ಟಿದ್ದರೆ ಮಾಡಿದವರಿಗೆ ಈ ವಿಷಯ ಗೊತ್ತು ಅಂತಾಯಿತು.

ಇನ್ನೊಂದು, ಇದಕ್ಕೆ ಆಡುವುದೂ ಬೇಕಿಲ್ಲ. ರಾಮ್ ಫೈಲನ್ನು ಯಾವುದಾದರೂ ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಬೈಟ್‌ಗಳನ್ನು ಅಂಕಿಗಳಾಗಿ ತೋರಿಸುವ ತಂತ್ರಾಂಶ) ತೆರೆಯಿರಿ, ಶುರುವಿನಲ್ಲೇ ಗೇಮ್‌ನ ವಿವರ ಇರುವ ಹೆಡರ್ ಭಾಗ ಇರುತ್ತದೆ. 0143ನೇ ಜಾಗದಲ್ಲಿ 80 ಇದ್ದರೆ ಹಳೇ ಕಪ್ಪು-ಬಿಳಿ ಗೇಮ್‌ಬಾಯ್‌ನಲ್ಲೂ ಓಡುತ್ತದೆ. ಸಿ0 ಇದ್ದರೆ ಕಲರ್‌ಗೆ ಮಾತ್ರ. 0147ರಲ್ಲಿ ಕಾರ್ಟ್ರಿಜ್‌ನ ಬಗೆ, 0148ರಲ್ಲಿ ರಾಮ್ ಗಾತ್ರ, 0149ರಲ್ಲಿ ಸೇವ್‌ಗೆ ಇಟ್ಟ ಮೆಮೊರಿ. ನಾಲ್ಕು ಬೈಟ್ ಇಲ್ಲಿ ಹಾಕಿ, ನೋಡೋಣ.

ವಾಸ್ಕೋ_ಹುಬ್ಬಳ್ಳಿ (ಗೋವಾ)

ಎಂಟು ಬಿಟ್ ಅವರು ಅಳತಿ ಎಲ್ಲಾ ಛಲೋ ಹೇಳ್ಯಾರ. ನಾ ಮಿಯೂದ ಬಗ್ಗೆ ಹೇಳ್ತೀನ್ರಿ, ಯಾಕಂದ್ರ ಸೆಟ್ಟಿಂಗ್ ತಪ್ಪಿದ್ರ ಛಲೋ ಗೇಮೂ ಕೆಟ್ಟ ಕಾಣತೈತಿ.

ಮೊದಲ ಕಾರ್ಡ್. ಸಾಧನದ ಜೋಡಿ ಬರೋ ಹೆಸರಿಲ್ಲದ ಮೆಮೊರಿ ಕಾರ್ಡ್ ನಂಬಬ್ಯಾಡ್ರಿ. ಒಂದಿನ ಸೇವ್ ಎಲ್ಲಾ ನುಂಗಿಬಿಡತೈತಿ. 32 ಇಲ್ಲಾ 64 ಜಿಬಿದು ಒಳ್ಳೇ ಕಂಪನಿ ಕಾರ್ಡ್ ತಗೋರಿ, ಆದ್ರ ಬಜಾರದಾಗ ನಕಲಿನೂ ಭಾಳ ಅದಾವ, ಹಿಂಗಾಗಿ ತಂದ ಕೂಡ್ಲೇ ಕಂಪ್ಯೂಟರ್‌ನ್ಯಾಗ ಕಾರ್ಡ್ ಪರೀಕ್ಷೆ ಮಾಡೋ ಎಚ್2ಟೆಸ್ಟ್‌ಡಬ್ಲ್ಯೂ ಓಡಸ್ರಿ. ಲಿನಕ್ಸ್ ಇದ್ರ ಎಫ್3. ಕಾರ್ಡ್ ತುಂಬ ಬರದು, ತಿರುಗಿ ಓದಿ ನೋಡತೈತಿ. 64 ಜಿಬಿಗೆ ತಾಸೆರಡು ತಾಸ ಹಿಡೀತೈತಿ, ಹಿಡೀಲಿ. 64 ಅಂತ ಬರದು ಒಳಗ 8 ಜಿಬಿ ಇರೋ ಕಾರ್ಡ್ ಅಲ್ಲೇ ಸಿಕ್ಕ ಬೀಳತೈತಿ.

ಆನಿಯನ್ ಓಎಸ್ (ಮಿಯೂಗ ಅಂತನ ಮಾಡಿದ ಬದಲಿ ತಂತ್ರಾಂಶ) ಹಾಕಿಲ್ಲಂದ್ರ ಹಾಕ್ರಿ. ಕಾರ್ಡ್ ಫ್ಯಾಟ್32 ಇರಬೇಕ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗೆ ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯೊಳಗ ಫ್ಯಾಟ್32 ಸಿಗದಿದ್ರ ರೂಫಸ್ ಅನ್ನೋ ತಂತ್ರಾಂಶ ಬಳಸ್ರಿ. ಜಿಪ್ ಬಿಚ್ಚಿ ಒಳಗಿನ ಫೋಲ್ಡರ್ ಎಲ್ಲಾ ಕಾರ್ಡ್‌ನ ಮೂಲದಾಗ ಹಾಕ್ರಿ, ಮತ್ತೊಂದ ಫೋಲ್ಡರ್‌ನ್ಯಾಗ ಅಲ್ಲ. ಹೆಚ್ಚಿನ ಮಂದಿ ಎಡವೋದು ಇಲ್ಲೇ. ಸಾಧನ ಚಾಲೂ ಮಾಡಿದ್ರ ತಾನ ಇನ್‌ಸ್ಟಾಲ್ ಆಗತೈತಿ. ಡೆಮೊ ರಾಮ್ ಜಿಬಿಸಿ ಫೋಲ್ಡರ್‌ನ್ಯಾಗ ಹಾಕಿ ಪಟ್ಟಿ ರಿಫ್ರೆಶ್ ಮಾಡ್ರಿ, ಇಲ್ಲಂದ್ರ ಗೇಮ್ ಕಾಣಂಗಿಲ್ಲ.

ಈಗ ಪರದೆ. ಮಿಯೂದ್ದು 3.5 ಇಂಚು, 640×480. ಗೇಮ್‌ಬಾಯ್ ಚಿತ್ರ ಮೂರು ಪಟ್ಟ ಮಾಡಿದ್ರ 480×432, ಪಕ್ಕಾ ಕೂಡತೈತಿ. ಮ್ಯಾಲ ಕೆಳಗ 24 ಪಿಕ್ಸೆಲ್, ಎಡಕ್ಕ ಬಲಕ್ಕ 80 ಪಿಕ್ಸೆಲ್ ಕರೀ ಪಟ್ಟಿ ಉಳೀತಾವ. ‘ಜಾಗ ಹಾಳಾತು’ ಅಂತ ಪೂರ್ತಿ ಎತ್ತರಕ್ಕ ಎಳೀಬ್ಯಾಡ್ರಿ. ಎಳದ್ರ 3.33 ಪಟ್ಟ ಆಗತೈತಿ, ಕೆಲವು ಗೆರಿ 3 ಪಿಕ್ಸೆಲ್ ದಪ್ಪ, ಕೆಲವು 4. ನಿಂತಾಗ ಗೊತ್ತಾಗಂಗಿಲ್ಲ, ಸ್ಕ್ರೋಲ್ ಆಗೂವಾಗ ಇಟ್ಟಂಗಿ ಗ್ವಾಡಿ ನೀರಾಗ ಅಲುಗಾಡಿದಂಗ ಕಾಣತೈತಿ. ಪ್ಲಾಟ್‌ಫಾರ್ಮರ್‌ನ್ಯಾಗ ಯಾವಾಗ್ಲೂ ಸ್ಕ್ರೋಲೇ ಅಲ್ರಿ? ಅದಕ್ಕ ಇಂಟಿಜರ್ ಸ್ಕೇಲ್ (ಪೂರ್ಣ ಪಟ್ಟಿನಷ್ಟ ಹಿಗ್ಗಿಸೋ ಸೆಟ್ಟಿಂಗ್) ಆನ್ ಇರಲಿ. ಮೂರು ಪಟ್ಟಿನ ಚಿತ್ರದ ಕರ್ಣ ಸುಮಾರು 2.8 ಇಂಚ್ ಬರತೈತಿ, ಮೂಲ ಗೇಮ್‌ಬಾಯ್ ಪರದೆಗಿಂತ ಚೂರು ದೊಡ್ಡದ. ಕಡಿಮೀ ಏನಿಲ್ಲ.

ಮುಂದ ಅಡ್ವಾನ್ಸ್ ಗೇಮ್‌ಗೋಳನ್ನೂ ಆಡಾವ್ರಿದ್ರ ಒಂದ ಮಾತು. ಅದರ 240×160 ಈ ಪರದ್ಯಾಗ ಎರಡು ಪಟ್ಟಿಗೆ ಸಣ್ಣದಾಗತೈತಿ, ಅಗಲಕ್ಕ ಎಳದ್ರ 2.67 ಪಟ್ಟ, ಮತ್ತ ಅದ ಅಲುಗಾಟ. ಅದಕ್ಕ ಆನ್‌ಬರ್ನಿಕ್‌ದ ಆರ್‌ಜಿ34ಎಕ್ಸ್‌ಎಕ್ಸ್ ಐತಿ, 720×480, ಸರಿಯಾಗಿ ಮೂರು ಪಟ್ಟ. ಈ ಒಂದ ಗೇಮ್‌ಗೋಸ್ಕರ ತಗೋಳೋದ ಬ್ಯಾಡ ಬಿಡ್ರಿ.

ಚಾರ್ಜ್ ಮಾಡಾಕ ಒಂದು ಕಡೆ ಚಪ್ಪಟಿ ಯುಎಸ್‌ಬಿ ಇರೋ ಹಳೇ ಥರದ ಕೇಬಲ್ಲು, 5 ವೋಲ್ಟ್‌ನ ಸಾದಾ ಚಾರ್ಜರ್ರು ಸಾಕು. ಎರಡೂ ಕಡೆ ಟೈಪ್-ಸಿ ಇರೋ ಕೇಬಲ್‌ಗೆ ಇಂಥ ಅಗ್ಗದ ಸಾಧನದಾಗ ಕೆಲವು ಚಾರ್ಜೇ ತಗೊಳಂಗಿಲ್ಲ. ಕೆಟ್ಟತಿ ಅಂತ ಗಾಬರಿ ಆಗಬ್ಯಾಡ್ರಿ.

ಡೊಂಬಿವಲಿ_ಸ್ಲೋ

ಇಬ್ಬರಿಗೂ ಥ್ಯಾಂಕ್ಸ್. ಅಳೆದು ನೋಡಿದೆ.

ನಡಿಗೆ ಎರಡು ಫ್ರೇಮಿಗೆ 3 ಪಿಕ್ಸೆಲ್, ಓಟ ನಾಲ್ಕು ಫ್ರೇಮಿಗೆ 9 ಪಿಕ್ಸೆಲ್. ಅಂಚಿನ ರಿಯಾಯಿತಿ 4 ಫ್ರೇಮ್. ನೆಲ ಮುಟ್ಟುವ ಮೊದಲಿನ ಒತ್ತು 3 ಫ್ರೇಮ್‌ವರೆಗೆ ನೆನಪಿರುತ್ತದೆ. ಓಡುವಾಗ ಕ್ಯಾಮೆರಾ 24 ಪಿಕ್ಸೆಲ್ ಮುಂದಕ್ಕೆ ಸರಿಯುತ್ತದೆ, ಮೆಲ್ಲಗೇ. ಕೆಳಗೆ ಇಣುಕುವುದು ಇಲ್ಲ. ಕುರುಡು ಜಿಗಿತ ಎರಡನೇ ಲೆವೆಲ್‌ನಲ್ಲಿ ಮೂರು ಕಡೆ, ಆದರೆ ಮೂರರಲ್ಲೂ ನಾಣ್ಯದ ಸಾಲು ದಾರಿ ತೋರಿಸುತ್ತದೆ. ಹೆಕ್ಸ್‌ನಲ್ಲಿ 0143ರಿಂದ ನೋಡಿದರೆ ಸಿ0, 0147ರಲ್ಲಿ 1ಬಿ, 0148ರಲ್ಲಿ 05, 0149ರಲ್ಲಿ 03.

ಇಂಟಿಜರ್ ಸ್ಕೇಲ್ ಹಾಕಿದ ಮೇಲೆ ಗೋಡೆ ಅಲುಗುವುದು ನಿಂತಿತು. ಆದರೆ ನಾಯಕಿಗೆ ಏಟು ಬಿದ್ದಾಗ, ಮತ್ತೆ ಜಲಪಾತದ ಮುಂದೆ, ಕಣ್ಣು ಕುಕ್ಕುವ ಹಾಗೆ ಮಿನುಗುತ್ತದೆ. ರಾತ್ರಿ ಆಡಿದರೆ ತಲೆನೋವು. ಇದು ಗೇಮ್‌ನ ದೋಷವೇ? ಜಿಗಿತ ಕೂಡ ಕಂಪ್ಯೂಟರಿಗಿಂತ ಮಿಯೂನಲ್ಲಿ ಒಂದು ಕೂದಲಷ್ಟು ತಡ ಅನ್ನಿಸಿತು, ಭ್ರಮೆ ಇದ್ದರೂ ಇರಬಹುದು.

ಮಾಟುಂಗಾ_ಫ್ರೇಮ್ (ಮುಂಬಯಿ)

ಮಿನುಗು ದೋಷ ಅಲ್ಲ ಮಾರಾಯ್ರೆ, ಹಳೇ ಉಪಾಯ. ಈ ಯಂತ್ರಕ್ಕೆ ಅರೆಪಾರದರ್ಶಕ ಅಂತ ಒಂದು ಬಣ್ಣವೇ ಗೊತ್ತಿಲ್ಲ. ಹಾಗಾಗಿ ಜಲಪಾತದ ಪರದೆಯನ್ನು ಒಂದು ಫ್ರೇಮ್‌ನಲ್ಲಿ ತೋರಿಸುವುದು, ಮುಂದಿನದರಲ್ಲಿ ಅಡಗಿಸುವುದು. ಹಳೇ ಎಲ್‌ಸಿಡಿಗಳು ಎಷ್ಟು ಸೋಮಾರಿ ಅಂದರೆ ಒಂದು ಚಿತ್ರ ಅಳಿಸುವ ಮೊದಲೇ ಮುಂದಿನದು ಬರುತ್ತಿತ್ತು, ಎರಡೂ ಬೆರೆತು ತೆಳು ನೀರಿನ ಹಾಗೆ ಕಾಣುತ್ತಿತ್ತು. ಮಿಯೂನ ಐಪಿಎಸ್ ಪರದೆ ಚುರುಕು, ಎರಡನ್ನೂ ಬೇರೆಬೇರೆಯಾಗಿಯೇ ತೋರಿಸಿಬಿಡುತ್ತದೆ.

ಗೇಮ್ ಓಡುತ್ತಿರುವಾಗ ರೆಟ್ರೋಆರ್ಚ್ ಮೆನು ತೆರೆದು ಕೋರ್ ಆಪ್ಷನ್ಸ್‌ಗೆ ಹೋಗಿ. ಗಂಬಾಟೆಯಲ್ಲಿ ಇಂಟರ್‌ಫ್ರೇಮ್ ಬ್ಲೆಂಡಿಂಗ್ ಅಂತ ಇದೆ, ಅದನ್ನು ಸಾದಾ ಮಿಶ್ರಣಕ್ಕೆ ಇಡಿ. ಎಲ್‌ಸಿಡಿ ಭೂತಛಾಯೆಯನ್ನು ಅನುಕರಿಸುವ ಆಯ್ಕೆಯೂ ಅಲ್ಲೇ ಉಂಟು, ಅದು ಹಳೇ ಪರದೆಗೆ ಇನ್ನೂ ಹತ್ತಿರ, ಆದರೆ ಓಡುವಾಗ ಬಾಲ ಬಂದ ಹಾಗೆ ಕಾಣುತ್ತದೆ. ಆಮೇಲೆ ಆ ಗೇಮ್‌ಗೆ ಮಾತ್ರ ಅಂತ ಉಳಿಸಿ. ಎಲ್ಲ ಗೇಮ್‌ಗೂ ಹಾಕಿದರೆ ಈ ಉಪಾಯ ಬಳಸದ ಗೇಮ್‌ಗಳು ಸುಮ್ಮನೆ ಮಸುಕಾಗುತ್ತವೆ.

ಅಲ್ಲೇ ಕಲರ್ ಕರೆಕ್ಷನ್ ಕೂಡ ಇರುತ್ತದೆ. ಅದು ಹಳೇ ಪರದೆಯ ಮಂಕು ಬಣ್ಣವನ್ನು ನಕಲು ಮಾಡುವುದು. 1998ರ ಗೇಮ್‌ಗಳಿಗೆ ಅದು ಸರಿ, ಆಗಿನವರು ಆ ಮಂಕು ಪರದೆಯನ್ನು ನೋಡಿಕೊಂಡೇ ಬಣ್ಣ ಆರಿಸಿದ್ದರು. ಈಗಿನವರು ಎಲ್ಲಿ ನೋಡಿ ಆರಿಸಿದ್ದಾರೋ, ಹಾಗಾಗಿ ಎರಡೂ ಹಾಕಿ ನೋಡಿ. ನಾಯಕಿಯ ಮೈಬಣ್ಣ ಯಾವುದರಲ್ಲಿ ಮನುಷ್ಯರ ಹಾಗೆ ಕಾಣುತ್ತದೋ ಅದು ಸರಿ. ಇದಕ್ಕಿಂತ ವೈಜ್ಞಾನಿಕ ಪರೀಕ್ಷೆ ಬೇಕಿಲ್ಲ.

ತಡದ ವಿಷಯ, ಭ್ರಮೆ ಅಲ್ಲ. ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್, ಬೆರಳಿಗೆ ಎರಡು ಫ್ರೇಮ್ ತಡ ಆದರೂ ಗೊತ್ತಾಗುತ್ತದೆ. ಮುಂದಿನ ಫ್ರೇಮ್ ಮೊದಲೇ ಲೆಕ್ಕ ಹಾಕಿ ತಡ ಕಡಿಮೆ ಮಾಡುವ ರನ್-ಅಹೆಡ್ ಅನ್ನುವ ಸೌಲಭ್ಯ ಉಂಟು. ಎಷ್ಟು ಇಡಬೇಕು ಅನ್ನುವುದನ್ನು ಕಂಪ್ಯೂಟರ್‌ನಲ್ಲಿ ಎಣಿಸಿ: ‘ಪಿ’ ಒತ್ತಿ ನಿಲ್ಲಿಸಿ, ಜಿಗಿತದ ಬಟನ್ ಹಿಡಿದೇ ‘ಕೆ’ ಒತ್ತುತ್ತಾ ಹೋಗಿ. ಎಷ್ಟನೇ ಒತ್ತಿಗೆ ನಾಯಕಿಯ ಚಿತ್ರ ಬದಲಾಯಿತೋ ಅದರಲ್ಲಿ ಒಂದು ಕಳೆಯಿರಿ. ಎರಡನೇ ಒತ್ತಿಗೆ ಬದಲಾದರೆ 1, ಮೂರನೇದಕ್ಕೆ ಆದರೆ 2. ಅದಕ್ಕಿಂತ ಜಾಸ್ತಿ ಇಟ್ಟರೆ ಜಿಗಿತದ ಮೊದಲ ಚಿತ್ರವೇ ಹಾರಿಹೋಗಿ ನಾಯಕಿ ಜರ್ಕ್ ಹೊಡೆಯುತ್ತಾಳೆ. ಇದು ಒಂದೇ ಫ್ರೇಮ್‌ನ ಕೆಲಸವನ್ನು ಎರಡೆರಡು ಸಲ ಮಾಡಿಸುವುದರಿಂದ ಪ್ರೊಸೆಸರ್‌ಗೆ ಭಾರ. ಮಿಯೂನಲ್ಲಿ ಮೊದಲು 1 ಇಟ್ಟು ನೋಡಿ. ಸಂಗೀತ ಬಿರುಕು ಬಿಟ್ಟ ಹಾಗೆ ಕೇಳಿದರೆ ತೆಗೆದುಬಿಡಿ.

ಲೋಕಲ್‌ನಲ್ಲಿ ಆಡುವವರಿಗೆ ಇನ್ನೊಂದು. ಮಿಯೂನಲ್ಲಿ ಬ್ಲೂಟೂತ್ ಇಲ್ಲ, ಒಳ್ಳೆಯದೇ ಆಯಿತು, ತಂತಿಯ ಇಯರ್‌ಫೋನ್ ಹಾಕಿ. ಫೋನ್‌ನಲ್ಲಿ ಎಮ್ಯುಲೇಟರ್ ಹಾಕಿ ಬ್ಲೂಟೂತ್‌ನಲ್ಲಿ ಕೇಳುವವರು ಜಿಗಿದು ಕೆಳಗಿಳಿಯುವ ಹೊತ್ತಿಗೆ ಜಿಗಿತದ ಶಬ್ದ ಬರುತ್ತದೆ ಅಂತ ದೂರುತ್ತಾರೆ. ಅದಕ್ಕೆ ಗೇಮ್ ಏನು ಮಾಡೀತು!

ಎಂಟು_ಬಿಟ್ (ಪುಣೆ)

ಅಂಕಿ ನೋಡಿದರೆ ಇವರಿಗೆ ಕೆಲಸ ಗೊತ್ತು. ಓಟ ಫ್ರೇಮಿಗೆ 2.25 ಪಿಕ್ಸೆಲ್, ಇದು ಸ್ವಲ್ಪ ಜೋರೇ. ಕ್ಯಾಮೆರಾ ನಡುವಿನಲ್ಲೇ ಇದ್ದಿದ್ದರೆ 32 ಫ್ರೇಮ್ ಮಾತ್ರ ಸಿಗುತ್ತಿತ್ತು. 24 ಪಿಕ್ಸೆಲ್ ಸರಿಸಿದ್ದರಿಂದ ಮುಂದೆ 96 ಪಿಕ್ಸೆಲ್, ಹತ್ತಿರ ಹತ್ತಿರ 43 ಫ್ರೇಮ್, 0.7 ಸೆಕೆಂಡ್. ಆ ಹನ್ನೊಂದು ಫ್ರೇಮ್‌ನಲ್ಲೇ ಗೇಮ್ ಬದುಕಿದೆ. ಕುರುಡು ಜಿಗಿತಕ್ಕೆ ನಾಣ್ಯ ಇಟ್ಟಿರುವುದೂ ಪ್ರಾಮಾಣಿಕ ಕೆಲಸ.

ಹೆಡರ್ ಲೆಕ್ಕ ಹೀಗೆ: ಸಿ0 ಅಂದರೆ ಕಲರ್‌ಗೆ ಮಾತ್ರ. 1ಬಿ ಅಂದರೆ ಕಾರ್ಟ್ರಿಜ್‌ನ ಮೆಮೊರಿ ನಿಭಾಯಿಸುವ ಎಂಬಿಸಿ5 ಚಿಪ್, ಜೊತೆಗೆ ಸೇವ್ ಮೆಮೊರಿ ಮತ್ತು ಬ್ಯಾಟರಿ. 05 ಅಂದರೆ 1 ಎಂಬಿ. 03 ಅಂದರೆ 32 ಕೆಬಿ ಸೇವ್. ಒಂದು ಹೋಲಿಕೆಗೆ ಹೇಳುವುದಾದರೆ ಮೊದಲ ಸೂಪರ್ ಮಾರಿಯೊ ಲ್ಯಾಂಡ್ ಪೂರ್ತಿ 64 ಕೆಬಿಯಲ್ಲಿ ಮುಗಿದಿತ್ತು.

ಗೇಮ್ ತಗೊಳ್ಳಿ ಅನ್ನುತ್ತೇನೆ, ಆದರೆ ರಾಮ್ ಮಾತ್ರ. ನೀವು ಆಡುವುದು ಮಿಯೂನಲ್ಲಿ, ಕಾರ್ಟ್ರಿಜ್ ಕಪಾಟಿನಲ್ಲಿ ಕೂರುತ್ತದೆ. ನಿಮ್ಮ ಅಡ್ವಾನ್ಸ್‌ನಲ್ಲಿ ದೀಪ ಇಲ್ಲ, ಸಂಜೆಯ ರೈಲು ಡಬ್ಬಿಯಲ್ಲಿ ಆ ಪರದೆ ಬರೀ ಕನ್ನಡಿ. 2001ರಲ್ಲಿ ಬಂದ ಕ್ಯಾಸಲ್‌ವೇನಿಯಾ ಸರ್ಕಲ್ ಆಫ್ ದ ಮೂನ್ ಇದೇ ಪರದೆಯಲ್ಲಿ ಎಷ್ಟು ಕತ್ತಲು ಅಂತ ಆಗಿನಿಂದಲೂ ಗೊಣಗಾಟ ಇದೆ.

ತಾಪಕೀರ್_ಗಲ್ಲಿ (ಪುಣೆ)

ಎಂಟು ಬಿಟ್ ಅವರ ಮಾತಿಗೆ ಅರ್ಧ ಒಪ್ಪಿಗೆ. ಕಾರ್ಟ್ರಿಜ್ ಬೇಡ ಅನ್ನುವ ಮೊದಲು ಅದರೊಳಗೆ ಏನಿದೆ ಅಂತ ಮಾಡಿದವರನ್ನೇ ಕೇಳಿ. ಪ್ರಶ್ನೆ ಮೂರೇ.

ಒಂದು, ಸೇವ್ ಉಳಿಯುವುದು ಯಾವುದರಿಂದ? ಹೆಡರ್‌ನಲ್ಲಿ 1ಬಿ ಇದ್ದ ಮಾತ್ರಕ್ಕೆ ಬೋರ್ಡ್ ಮೇಲೆ ಬ್ಯಾಟರಿ ಇದೆ ಅಂತ ಹೇಳಲಾಗದು, ಎಫ್‌ರಾಮ್ ಚಿಪ್ (FRAM, ಕರೆಂಟ್ ಇಲ್ಲದೆಯೂ ನೆನಪಿಡುವ ಮೆಮೊರಿ) ಹಾಕಿದವರೂ ಅದೇ ಸಂಖ್ಯೆ ಇಡುತ್ತಾರೆ. ಎಫ್‌ರಾಮ್ ಇದ್ದರೆ ಬ್ಯಾಟರಿ ಬೇಕಿಲ್ಲ, ಚಿಂತೆಯೂ ಇಲ್ಲ. ಬ್ಯಾಟರಿ ಇದ್ದರೆ ಯಾವ ಸೆಲ್ ಕೇಳಿ: ಸಿಆರ್1616 ಚಿಕ್ಕದು, ಸಿಆರ್2025 ಮತ್ತು 2032 ದೊಡ್ಡವು. ಸೆಲ್ ಬರಿದಾದರೆ ಗೇಮ್ ಓಡುತ್ತದೆ, ಸೇವ್ ಮಾತ್ರ ಆಫ್ ಮಾಡಿದ ಕೂಡಲೇ ಹೋಗುತ್ತದೆ. ಬದಲಿಸುವಾಗ ಬೆಸುಗೆಗೆ ಲೋಹದ ಕಿವಿ ಇರುವ ಸೆಲ್ ತಗೊಳ್ಳಬೇಕು, ನೇರ ಸೆಲ್ ಮೇಲೆ ಬೆಸುಗೆ ಹಾಕಬಾರದು, ಬಿಸಿಗೆ ಸಿಡಿಯಬಹುದು.

ಎರಡು, ವೋಲ್ಟೇಜ್. ಗೇಮ್‌ಬಾಯ್ ಮತ್ತು ಕಲರ್ ಕಾರ್ಟ್ರಿಜ್‌ಗೆ ಯಂತ್ರ ಕೊಡುವುದು 5 ವೋಲ್ಟ್, ಅಡ್ವಾನ್ಸ್ ಕಾರ್ಟ್ರಿಜ್‌ಗೆ 3.3. ಈಗ ಸಿಗುವ ಫ್ಲ್ಯಾಶ್ ಚಿಪ್‌ಗಳು ಹೆಚ್ಚಿನವು 3.3ರವು. ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಹಾಕದೇ ನೇರ ಕೂರಿಸಿದ ಅಗ್ಗದ ಬೋರ್ಡ್ ಇವತ್ತು ಓಡುತ್ತದೆ, ಆದರೆ ಚಿಪ್‌ಗೂ ಯಂತ್ರಕ್ಕೂ ಸುಮ್ಮನೆ ಹಿಂಸೆ. ಕೇಳಿದಾಗ ನೇರ ಉತ್ತರ ಕೊಡುವವರ ಹತ್ತಿರ ಮಾತ್ರ ತಗೊಳ್ಳಿ.

ಮೂರು, ಯಾವ ಯಂತ್ರದಲ್ಲಿ ಪರೀಕ್ಷೆ ಮಾಡಿದ್ದಾರೆ? ಸಿ0 ಗೇಮ್ ನಿಮ್ಮ ಅಡ್ವಾನ್ಸ್‌ನಲ್ಲಿ ಓಡಬೇಕು. 240×160ರ ನಡುವೆ 160×144 ಚಿತ್ರ ಬರುತ್ತದೆ, ಅಗಲ ಸುಮಾರು 4 ಸೆಂ.ಮೀ. ಎಲ್ ಅಥವಾ ಆರ್ ಬಟನ್ ಅಪ್ಪಿತಪ್ಪಿ ಒತ್ತಿದರೆ ಚಿತ್ರ ಅಡ್ಡಡ್ಡ ಹಿಗ್ಗುತ್ತದೆ, ನಾಯಕಿ ದಪ್ಪಗಾಗುತ್ತಾಳೆ. ಇನ್ನೊಂದು ಬಟನ್ ಒತ್ತಿದರೆ ಮೊದಲಿನಂತೆ. ಡಿಎಸ್ ಲೈಟ್ ಇದ್ದವರು ಗಮನಿಸಿ, ಅದು ಅಡ್ವಾನ್ಸ್ ಕಾರ್ಟ್ರಿಜ್ ಮಾತ್ರ ತಗೊಳ್ಳುತ್ತದೆ, ಕಲರ್‌ನದು ಆಗದು.

ದುಡ್ಡಿನ ವಿಷಯ. ಕಿಕ್‌ಸ್ಟಾರ್ಟರ್ ಅಂಗಡಿ ಅಲ್ಲ, ತಾರೀಖು ಮುಂದೆ ಹೋಗುವುದು ಮಾಮೂಲು. ಹಣ ಕಡಿತ ಆಗುವುದು ಅಭಿಯಾನ ಮುಗಿದಾಗ, ನೀವು ಬಟನ್ ಒತ್ತಿದಾಗ ಅಲ್ಲ. ಅಷ್ಟರಲ್ಲಿ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್‌ನ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಆನ್ ಮಾಡಿ, ಮಿತಿಯನ್ನೂ ಏರಿಸಿಡಿ. ವಿಫಲವಾದರೆ ಸರಿಪಡಿಸಲು 7 ದಿನ ಕೊಡುತ್ತಾರೆ, ಆಮೇಲೆ ಹೋಯಿತು. ಅಂಚೆ ವೆಚ್ಚ ಬೇರೆ, ಇಲ್ಲಿಗೆ ಬಂದ ಮೇಲೆ ಸುಂಕ ಬೇರೆ, ಕೊರಿಯರ್ ಮೂಲಕ ಬಂದರೆ ಅವರ ನಿರ್ವಹಣಾ ಶುಲ್ಕ ಇನ್ನೂ ಬೇರೆ, ಮೇಲೆ ಕೆವೈಸಿ ಕೇಳುತ್ತಾರೆ. ಪೋಸ್ಟರ್, ಪಿನ್, ಬಟ್ಟೆ ಚೀಲ ಎಲ್ಲ ಇರುವ ದೊಡ್ಡ ಪ್ಯಾಕೇಜ್ ಬಿಟ್ಟು ಬರೀ ಕಾರ್ಟ್ರಿಜ್ ತಗೊಂಡರೆ ಘೋಷಿತ ಬೆಲೆ ಕಡಿಮೆ, ತಲೆನೋವೂ ಕಡಿಮೆ.

ಇಷ್ಟಾದ ಮೇಲೂ ಕಾರ್ಟ್ರಿಜ್‌ಗೆ ಕಾಯುವವರನ್ನು ಹುಚ್ಚರು ಅನ್ನಬೇಡಿ. ಶಾಂಟೆ ಅನ್ನುವ ಪ್ಲಾಟ್‌ಫಾರ್ಮರ್ ಸರಣಿಯ ಮೊದಲ ಗೇಮ್ 2002ರಲ್ಲಿ ಕಲರ್‌ಗೆ ಬಂತು, ಅಷ್ಟರಲ್ಲಿ ಅಂಗಡಿಯಲ್ಲಿ ಅಡ್ವಾನ್ಸ್ ಬಂದು ಕೂತಾಗಿತ್ತು. ಅಡ್ವಾನ್ಸ್‌ಗೆ ಅಂತ ಶುರು ಮಾಡಿದ ಎರಡನೇ ಗೇಮ್‌ಗೆ ಪ್ರಕಾಶಕರೇ ಸಿಗದೆ ಮೂಲೆ ಸೇರಿತು. ಅದೇ ಗೇಮ್ ಮುಗಿದು ಅಡ್ವಾನ್ಸ್ ಕಾರ್ಟ್ರಿಜ್‌ನಲ್ಲಿಯೇ ಹೊರಬಂದದ್ದು 2025ರಲ್ಲಿ.

ಎಂಟು_ಬಿಟ್ (ಪುಣೆ)

ಹುಚ್ಚರು ಅಂದಿಲ್ಲ ಮಾರಾಯರೇ, ಕಪಾಟು ಅಂದೆ ಅಷ್ಟೇ. ಎಫ್‌ರಾಮ್ ಅಂತ ಉತ್ತರ ಬಂದರೆ ನನ್ನ ಆಕ್ಷೇಪ ಹಿಂದಕ್ಕೆ.

ಕಾಯುವ ಹೊತ್ತಿಗೆ ಆಡಲು ಏನಾದರೂ ಬೇಕಿದ್ದರೆ ಟೊಬು ಟೊಬು ಗರ್ಲ್ ಹಾಕಿಕೊಳ್ಳಿ. 2017ರ ಹೊಸ ಗೇಮ್‌ಬಾಯ್ ಗೇಮ್, ಉಚಿತ, ಮೂಲ ಕೋಡ್ ಕೂಡ ತೆರೆದಿಟ್ಟಿದ್ದಾರೆ. ಮೇಲಕ್ಕೆ ಮೇಲಕ್ಕೆ ಜಿಗಿಯುವುದೊಂದೇ ಕೆಲಸ, ಹಾಗಾಗಿ ರನ್-ಅಹೆಡ್ ಸರಿ ಕೂತಿದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಮತ್ತೆ, ಡೆಮೊದಲ್ಲಿ ಮಾಡಿದ ಸ್ಟೇಟ್‌ಗಳನ್ನು ಪೂರ್ತಿ ಗೇಮ್‌ಗೆ ಒಯ್ಯಲು ಹೋಗಬೇಡಿ. ಸ್ಟೇಟ್ ಅಂದರೆ ಆ ಕ್ಷಣದ ಮೆಮೊರಿಯ ಪೂರ್ತಿ ನಕಲು. ರಾಮ್‌ನಲ್ಲಿ ಒಂದು ಸಾಲು ಬದಲಾದರೂ ವಿಳಾಸಗಳು ತಪ್ಪಿ ನಾಯಕಿ ಗೋಡೆಯೊಳಗೆ ಏಳುತ್ತಾಳೆ. ಗೇಮ್‌ನೊಳಗಿನ ಸೇವ್ ಆದರೆ ಉಳಿಯುವ ಸಾಧ್ಯತೆ ಇದೆ, ಅದೂ ಮಾಡಿದವರು ಹೇಳಿದರೆ ಮಾತ್ರ ನಂಬಿ.

ಡೊಂಬಿವಲಿ_ಸ್ಲೋ

ಬ್ಲೆಂಡಿಂಗ್ ಹಾಕಿದೆ, ಜಲಪಾತ ಈಗ ನೀರಿನ ಹಾಗೇ ಇದೆ. ಬಟನ್ ಎಣಿಕೆಯಲ್ಲಿ ಎರಡನೇ ಒತ್ತಿಗೆ ಬದಲಾಯಿತು, ರನ್-ಅಹೆಡ್ 1 ಇಟ್ಟೆ, ಸಂಗೀತ ಸರಿ ಇದೆ. ಮೂರು ಪ್ರಶ್ನೆ ಕಳಿಸಿದ್ದೆ, ಉತ್ತರ ಬಂತು: ಎಫ್‌ರಾಮ್, ಲೆವೆಲ್ ಶಿಫ್ಟರ್ ಇದೆ, ಕಲರ್ ಮತ್ತು ಅಡ್ವಾನ್ಸ್ ಎರಡರಲ್ಲೂ ಓಡಿಸಿ ನೋಡಿದ್ದಾರೆ. ಬರೀ ಕಾರ್ಟ್ರಿಜ್ ಬುಕ್ ಮಾಡಿದೆ, ಅದರ ಜೊತೆ ರಾಮ್ ಫೈಲೂ ಸಿಗುತ್ತದಂತೆ.

ಒಂದೇ ಸಂಶಯ ಉಳಿಯಿತು. ಅಡ್ವಾನ್ಸ್ ಎರಡು ವರ್ಷದಿಂದ ಡಬ್ಬಿಯಲ್ಲೇ ಇತ್ತು. ಬ್ಯಾಟರಿ ಗೂಡಿನ ಸ್ಪ್ರಿಂಗ್ ಮೇಲೆ ಹಸಿರು-ಬಿಳಿ ಪುಡಿ ಕಟ್ಟಿದೆ. ಉಜ್ಜಿ ತೆಗೆದರೆ ಸಾಕೇ?

ವಾಸ್ಕೋ_ಹುಬ್ಬಳ್ಳಿ (ಗೋವಾ)

ಒಣಾ ಉಜ್ಜಬ್ಯಾಡ್ರಿ, ಪುಡಿ ಒಳಗ ಬೋರ್ಡ್ ಮ್ಯಾಲ ಉದರತೈತಿ. ಅದು ಅಲ್ಕಲೈನ್ ಸೆಲ್ ಸೋರಿದ್ದು. ಕಿವಿ ಸ್ವಚ್ಛ ಮಾಡೋ ಹತ್ತಿ ಕಡ್ಡಿಗೆ ಬಿಳಿ ವಿನೆಗರ್ ಎರಡ ಹನಿ ಹಾಕಿ ಸ್ಪ್ರಿಂಗಿಗೆ ಹಚ್ಚರಿ, ಸಣ್ಣಗ ಬುರುಗ ಬಂದು ನಿಲ್ಲತೈತಿ. ಆಮ್ಯಾಲ ಹೊಸಾ ಕಡ್ಡಿಗೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ವಿನೆಗರ್ ಎಲ್ಲಾ ಒರಸ್ರಿ. ನಿಮ್ಮ ಕಡೆ ಲ್ಯಾಮಿಂಗ್ಟನ್ ರೋಡ್‌ನ್ಯಾಗ ಎಲೆಕ್ಟ್ರಾನಿಕ್ ಸಾಮಾನದ ಅಂಗಡ್ಯಾಗ ಕೇಳ್ರಿ. ಔಷಧ ಅಂಗಡಿದು 70 ಪರ್ಸೆಂಟ್ ಇರತೈತಿ, ಅದರಾಗ ನೀರ ಜಾಸ್ತಿ. ಕಾರ್ಟ್ರಿಜ್ ಕೂಡೋ ಪಿನ್ನಿಗೂ ಅದ ಆಲ್ಕೊಹಾಲ್ ಸಾಕು, ವಿನೆಗರ್ ಅಲ್ಲೆ ಒಯ್ಯಬ್ಯಾಡ್ರಿ. ಬೆಳ್ಳಗಿನ ಲೋಹ ಕಂಡ್ರ ಮುಗೀತು. ಸ್ಪ್ರಿಂಗ್ ತುಕ್ಕ ತಿಂದು ಸಣ್ಣ ಆಗಿದ್ರ ಬದಲಿ ಮಾಡ್ಬೇಕ, ಅದಕ್ಕ ಯಂತ್ರ ಬಿಚ್ಚಾಕ ಮೂರು ರೆಕ್ಕಿ ಟ್ರೈ-ವಿಂಗ್ ಸ್ಕ್ರೂಡ್ರೈವರ್ ಬೇಕ.

ಮುಂದ ಎನ್‌ಐಎಂಎಚ್ ರೀಚಾರ್ಜ್ ಸೆಲ್ ಹಾಕ್ರಿ, ಸೋರೋದು ಕಡಿಮಿ. ಜೂನ್‌ದಿಂದ ಸೆಪ್ಟೆಂಬರ್ ತನಕಾ ಸೆಲ್ ತಗದು, ಯಂತ್ರ ಜಿಪ್ ಚೀಲದಾಗ ಸಿಲಿಕಾ ಜೆಲ್ ಪುಡಿಕಿ ಜೋಡಿ ಇಡ್ರಿ. ಕಾರ್ಟ್ರಿಜ್ ಬಂದ ಮ್ಯಾಲ ಅದೂ ಅದ ಚೀಲದಾಗ.